‘ಕಳುಹಿಸಲಾಗಿದೆ’ ಎಂದು ತೋರಿಸಿದ ದಾಖಲೆ ಸರ್ವರ್‌ನಲ್ಲಿ ಏಕೆ ಇಲ್ಲ?

ಓದುಗರ ಪ್ರಶ್ನೆ: ನಮ್ಮ ತಾಲ್ಲೂಕಿನ ಕೆಲವು ಹಾಲು ಉತ್ಪಾದಕರ ಸಹಕಾರ ಸಂಘಗಳಿಗೆ ತಂತ್ರಾಂಶ ಬರೆದುಕೊಟ್ಟಿದ್ದೇನೆ. ಬೆಳಿಗ್ಗೆ ಮತ್ತು ಸಂಜೆ ಪ್ರತಿಯೊಬ್ಬರು ಹಾಕಿದ ಹಾಲಿನ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ವಿವರಗಳು ಸಂಘದ ಸಣ್ಣ ಕಂಪ್ಯೂಟರ್‌ನಿಂದ ಮೊಬೈಲ್ ಸಿಮ್ ಮೂಲಕ, ಟಿಸಿಪಿ (ಅಂತರ್ಜಾಲದಲ್ಲಿ ದತ್ತಾಂಶ ಸಾಗಿಸುವ ನಿಯಮಾವಳಿ) ಸಂಪರ್ಕದಲ್ಲಿ, ನಮ್ಮ ಸರ್ವರ್‌ಗೆ ಹೋಗುತ್ತವೆ. ಕಳುಹಿಸುವ ಆದೇಶ ಯಶಸ್ವಿಯಾದೊಡನೆ ಪರದೆಯಲ್ಲಿ ‘ಕಳುಹಿಸಲಾಗಿದೆ’ ಎಂದು ತೋರಿಸಿ ದಾಖಲೆಯನ್ನು ಅಳಿಸುತ್ತೇವೆ. ಆದರೂ ಬಟವಾಡೆಯ ಹೊತ್ತಿಗೆ ಕೆಲವು ದಾಖಲೆಗಳು ಸರ್ವರ್‌ನಲ್ಲಿ ಇರುವುದಿಲ್ಲ. ಸಂಪರ್ಕ ಕಡಿದಾಗ ಕೊನೆಯ ಕೆಲವು ದಾಖಲೆಗಳನ್ನು ಮತ್ತೊಮ್ಮೆ ಕಳುಹಿಸುವಂತೆ ಬದಲಾಯಿಸಿದೆ; ಈಗ ಒಬ್ಬರದೇ ಹಾಲು ಎರಡು ಸಲ ಲೆಕ್ಕಕ್ಕೆ ಬರುತ್ತಿದೆ. ಟಿಸಿಪಿ ವಿಶ್ವಾಸಾರ್ಹವೆಂದು ಓದಿದ್ದೆ. ಇದು ಸಿಮ್ ಕಂಪನಿಯ ದೋಷವೇ? ಎಂಕ್ಯೂಟಿಟಿ ಎಂಬ ಸಂದೇಶ ವ್ಯವಸ್ಥೆಯ ಕ್ಯೂಒಎಸ್ 2 (ಒಮ್ಮೆ ಮಾತ್ರ ತಲುಪಿಸುವ ಮಟ್ಟ) ಬಳಸಿದರೆ ಎಲ್ಲ ಸರಿಹೋಗುತ್ತದೆಂದು ಸ್ನೇಹಿತರು ಹೇಳುತ್ತಾರೆ, ನಿಜವೇ? ಸಂಘದ ಕಾರ್ಯದರ್ಶಿಗೆ ಪರದೆಯಲ್ಲಿ ಏನು ತೋರಿಸುವುದು ಸರಿ? ಈಗಾಗಲೇ ಎರಡಾಗಿರುವ ದಾಖಲೆಗಳನ್ನು ಏನು ಮಾಡಲಿ?

ಉತ್ತರ: ದಾಖಲೆ ಕಾಣೆಯಾಗುವುದು ಮತ್ತು ದಾಖಲೆ ಎರಡಾಗುವುದು ಒಂದಕ್ಕೊಂದು ವಿರುದ್ಧವಾದ ದೋಷಗಳೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಒಂದನ್ನು ಸರಿಪಡಿಸಲು ಹೋದಾಗ ಇನ್ನೊಂದು ಎದುರಾದದ್ದು ಆಕಸ್ಮಿಕವಲ್ಲ. ದಾಖಲೆ ತಲುಪಿತೆಂದು ಹೇಳಬೇಕಾದವರು ಯಾರು ಎಂಬುದನ್ನು ನಿಮ್ಮ ವ್ಯವಸ್ಥೆ ಇನ್ನೂ ತೀರ್ಮಾನಿಸಿಲ್ಲ. ಎರಡೂ ತೊಂದರೆಗಳು ಅಲ್ಲಿಂದಲೇ ಬಂದಿವೆ. ಸದ್ಯ ಆ ಮಾತನ್ನು ಹೇಳುತ್ತಿರುವುದು ಸಂಘದ ಮೇಜಿನ ಮೇಲಿರುವ ಕಂಪ್ಯೂಟರ್. ಅದಕ್ಕೆ ಆ ವಿಷಯ ಗೊತ್ತಿರಲು ಸಾಧ್ಯವೇ ಇಲ್ಲ.

ಸಿಮ್ ಕಂಪನಿಯನ್ನು ದೂರುವುದನ್ನು ಸದ್ಯಕ್ಕೆ ಬದಿಗಿಡೋಣ. ಮೊಬೈಲ್ ಜಾಲದಲ್ಲಿ ಪ್ಯಾಕೆಟ್‌ಗಳು, ಅಂದರೆ ದತ್ತಾಂಶದ ತುಣುಕುಗಳು, ಕಳೆದುಹೋಗುವುದು, ತಡವಾಗುವುದು, ಹಿಂದುಮುಂದಾಗುವುದು ನಿತ್ಯದ ಸಂಗತಿ. ಅದನ್ನು ಸಹಿಸಿಕೊಳ್ಳಲೆಂದೇ ಟಿಸಿಪಿ ಇರುವುದು. ಸಂಪರ್ಕ ಜೀವಂತವಾಗಿರುವವರೆಗೆ ಆ ಕೆಲಸವನ್ನು ಅದು ಬಹಳ ಚೆನ್ನಾಗಿಯೇ ಮಾಡುತ್ತದೆ. ಕಳೆದ ಪ್ಯಾಕೆಟ್ಟನ್ನು ಮತ್ತೆ ಕಳುಹಿಸುತ್ತದೆ, ಎರಡು ಬಂದರೆ ಒಂದನ್ನು ಬಿಡುತ್ತದೆ, ಕ್ರಮ ತಪ್ಪಿದ್ದನ್ನು ಸರಿಯಾಗಿ ಜೋಡಿಸುತ್ತದೆ. ಸಿಗ್ನಲ್ ಕೆಟ್ಟಿದ್ದರೆ ದಾಖಲೆ ತಡವಾಗಬೇಕೇ ಹೊರತು ಸದ್ದಿಲ್ಲದೆ ಮಾಯವಾಗಬಾರದು. ಮಾಯವಾಗುತ್ತಿದೆಯೆಂದರೆ ಟಿಸಿಪಿ ಹೊತ್ತುಕೊಳ್ಳದ ಜವಾಬ್ದಾರಿಯನ್ನು ನಾವು ಅದರ ಮೇಲೆ ಹೊರಿಸಿದ್ದೇವೆ ಎಂದರ್ಥ.

ನಿಮ್ಮ ತಂತ್ರಾಂಶ ಸಾಕೆಟ್‌ಗೆ (ಸಂಪರ್ಕದ ಈ ತುದಿಗೆ) ದಾಖಲೆ ಬರೆದಾಗ ಬರುವ ‘ಯಶಸ್ವಿ’ ಎಂಬ ಉತ್ತರ ಯಾವ ಜಾಲವನ್ನೂ ದಾಟಿ ಬಂದದ್ದಲ್ಲ. ನಿಮ್ಮದೇ ಕಂಪ್ಯೂಟರ್‌ನ ಆಪರೇಟಿಂಗ್ ಸಿಸ್ಟಂ ಆ ಅಕ್ಷರಗಳನ್ನು ತನ್ನ ಬಫರ್‌ಗೆ (ತಾತ್ಕಾಲಿಕ ಮೆಮೊರಿಗೆ) ನಕಲು ಮಾಡಿಕೊಂಡಿದೆ, ಸಮಯ ಸಿಕ್ಕಾಗ ಕಳುಹಿಸಲಿದೆ, ಅಷ್ಟೇ. ಆ ಕ್ಷಣದಲ್ಲಿ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಅದೇ ಉತ್ತರ ಬರುತ್ತದೆ. ಸರ್ವರ್ ಕಡೆಯಿಂದ ಏನೂ ಕೇಳಿಬರದಿದ್ದರೆ, ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ತನ್ನ ಮೂಲ ಹೊಂದಿಕೆಯಲ್ಲಿ ಸುಮಾರು 15 ನಿಮಿಷ ಪ್ರಯತ್ನ ಮುಂದುವರಿಸಿ, ಆಮೇಲಷ್ಟೇ ಸಂಪರ್ಕ ಸತ್ತಿದೆಯೆಂದು ತಂತ್ರಾಂಶಕ್ಕೆ ತಿಳಿಸುತ್ತದೆ. ಅಷ್ಟರೊಳಗೆ ಬೆಳಗಿನ ಹಾಲು ಮುಗಿದು ಕಾರ್ಯದರ್ಶಿ ಯಂತ್ರವನ್ನು ಆರಿಸಿದರೆ, ಅಥವಾ ಕರೆಂಟ್ ಹೋದರೆ, ಬಫರ್‌ನಲ್ಲಿದ್ದದ್ದೆಲ್ಲ ಅಳಿದುಹೋಗುತ್ತದೆ. ಪರದೆಯ ಮೇಲೆ ಮಾತ್ರ ‘ಕಳುಹಿಸಲಾಗಿದೆ’ ಎಂದು ಆಗಲೇ ಬಂದಿರುತ್ತದೆ. ನೀವು ಬರೆದ ವಿವರಗಳನ್ನು ನೋಡಿದರೆ ನಿಮ್ಮ ನಷ್ಟದ ಬಹುಭಾಗ ಇಲ್ಲೇ ಆಗುತ್ತಿದೆ ಎಂಬುದು ನನ್ನ ಅಂದಾಜು. ಕಾಣೆಯಾದ ದಾಖಲೆಗಳಲ್ಲಿ ಹೆಚ್ಚಿನವು ಸರದಿಯ ಕೊನೆಯಲ್ಲಿ ಹಾಲು ಹಾಕಿದವರದೇ ಎಂದು ಪರಿಶೀಲಿಸಿ ನೋಡಿ. ಹೌದಾದರೆ ಅನುಮಾನ ಉಳಿಯುವುದಿಲ್ಲ.

ಸಂಪರ್ಕ ಸದ್ದಿಲ್ಲದೆ ಸಾಯಲು ಮೊಬೈಲ್ ಜಾಲದಲ್ಲಿ ಇನ್ನೊಂದು ಕಾರಣವೂ ಇದೆ. ಸಾಮಾನ್ಯ ಸಿಮ್‌ಗಳು ಬಹುಮಟ್ಟಿಗೆ ಕಂಪನಿಯ ವಿಳಾಸ ಬದಲಾವಣೆಯ ವ್ಯವಸ್ಥೆಯ ಹಿಂದೆ ಇರುತ್ತವೆ. ಸ್ವಲ್ಪ ಹೊತ್ತು ಮಾತುಕತೆ ನಡೆಯದ ಸಂಪರ್ಕವನ್ನು ಅದು ತನ್ನ ಪಟ್ಟಿಯಿಂದ ತೆಗೆದುಹಾಕುತ್ತದೆ, ಮತ್ತು ಎರಡು ತುದಿಗಳಿಗೂ ಅದನ್ನು ತಿಳಿಸುವ ಗೋಜಿಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಎದುರು ತುದಿ ಬದುಕಿದೆಯೇ ಎಂದು ಆಗಾಗ ವಿಚಾರಿಸುವ ಟಿಸಿಪಿಯ ಕೀಪ್‌ಅಲೈವ್ ಇದನ್ನು ಪತ್ತೆ ಹಚ್ಚಬಲ್ಲದು, ಆದರೆ ಲಿನಕ್ಸ್‌ನಲ್ಲಿ ಅದನ್ನು ಚಾಲೂ ಮಾಡಿದರೂ ಮೂಲ ಹೊಂದಿಕೆಯಲ್ಲಿ ಮೊದಲ ವಿಚಾರಣೆ ಹೊರಡುವುದು 7,200 ಸೆಕೆಂಡು, ಅಂದರೆ ಎರಡು ಗಂಟೆ, ಸುಮ್ಮನಿದ್ದ ಮೇಲೆ. ಬೆಳಗಿನ ಸರದಿಯೇ ಅಷ್ಟು ಹೊತ್ತು ನಡೆಯಲಾರದು.

ಸಂಪರ್ಕ ಮುಚ್ಚುವ ರೀತಿಯನ್ನೂ ನೋಡಿಕೊಳ್ಳಿ. ಸರ್ವರ್ ಕಳುಹಿಸಿದ ಯಾವುದಾದರೂ ಉತ್ತರವನ್ನು ಓದದೆಯೇ ನಿಮ್ಮ ತಂತ್ರಾಂಶ ಸಾಕೆಟ್ ಮುಚ್ಚಿದರೆ, ಆಪರೇಟಿಂಗ್ ಸಿಸ್ಟಂ ಸಂಪರ್ಕವನ್ನು ಮರ್ಯಾದೆಯಿಂದ ಮುಗಿಸದೆ ಥಟ್ಟನೆ ರದ್ದು ಮಾಡುತ್ತದೆ, ಮತ್ತು ಹೊರಡಲು ಕಾದಿದ್ದ ಅಕ್ಷರಗಳು ಅದರೊಂದಿಗೆ ಹೋಗುತ್ತವೆ. ಇದು ಸಣ್ಣ ವಿಷಯ, ಆದರೆ ಹುಡುಕುವುದು ಕಷ್ಟ.

ಸರಿ, ಬಫರ್ ದಾಟಿತು, ಜಾಲ ದಾಟಿತು, ಸರ್ವರ್‌ನಿಂದ ಟಿಸಿಪಿಯ ಸ್ವೀಕೃತಿಯೂ ಬಂತು ಎಂದುಕೊಳ್ಳೋಣ. ಆಗಲಾದರೂ ನಂಬಬಹುದೇ? ಟಿಸಿಪಿಯನ್ನು 1981ರಲ್ಲಿ ವಿವರಿಸಿದ ಆರ್‌ಎಫ್‌ಸಿ 793 ಎಂಬ ಅಂತರ್ಜಾಲ ಮಾನಕ ದಸ್ತಾವೇಜು ಈ ವಿಷಯದಲ್ಲಿ ಏನನ್ನೂ ಮುಚ್ಚಿಟ್ಟಿಲ್ಲ. ಸ್ವೀಕೃತಿ ಬಂದಿತೆಂದರೆ ಆ ತುದಿಯ ಟಿಸಿಪಿ ಜವಾಬ್ದಾರಿ ವಹಿಸಿಕೊಂಡಿತೆಂದಷ್ಟೇ ಅರ್ಥ, ಬಳಕೆದಾರನ ಕೈಗೆ ತಲುಪಿತೆಂಬ ಖಾತರಿ ಅಲ್ಲ ಎಂದು ಅದು ಸ್ಪಷ್ಟವಾಗಿ ಹೇಳಿದೆ. ರಿಜಿಸ್ಟರ್ಡ್ ಪತ್ರದ ಅಕ್ನಾಲೆಜ್‌ಮೆಂಟ್ ಕಾರ್ಡಿಗೆ ಕಚೇರಿಯ ಟಪಾಲು ಗುಮಾಸ್ತರು ಸಹಿ ಮಾಡಿ ಕಳುಹಿಸಿದ್ದಾರೆ ಎಂದುಕೊಳ್ಳಿ. ಪತ್ರ ಸಾಹೇಬರ ಮೇಜಿಗೆ ಹೋಯಿತೇ, ಕಡತಕ್ಕೆ ಸೇರಿತೇ ಎಂಬುದನ್ನು ಆ ಸಹಿ ಹೇಳುವುದಿಲ್ಲ. ನಿಮ್ಮ ಸರ್ವರ್‌ನಲ್ಲಿ ಆ ‘ಸಾಹೇಬರು’ ಎಂದರೆ ಡೇಟಾಬೇಸ್. ಅಕ್ಷರಗಳು ಸರ್ವರ್‌ನ ಬಫರ್‌ಗೆ ಬಂದ ಮೇಲೂ ನಿಮ್ಮ ಪ್ರೋಗ್ರಾಂ ಅವನ್ನು ಓದುವ ಮೊದಲೇ ಕುಸಿಯಬಹುದು, ಓದಿದ ಮೇಲೆ ಡೇಟಾಬೇಸ್ ಸಂಪರ್ಕ ಸಿಗದಿರಬಹುದು, ಸೇರಿಸಿದರೂ ಕಮಿಟ್ ಆಗುವ (ಶಾಶ್ವತವಾಗಿ ದಾಖಲಾಗುವ) ಮೊದಲು ಯಂತ್ರ ಮರುಚಾಲನೆಗೊಳ್ಳಬಹುದು. ನಡುವೆ ಪ್ರಾಕ್ಸಿ ಅಥವಾ ಲೋಡ್ ಬ್ಯಾಲೆನ್ಸರ್‌ನಂಥ ಮಧ್ಯವರ್ತಿ ಇಟ್ಟಿದ್ದರೆ ಸ್ವೀಕೃತಿ ಕೊಟ್ಟದ್ದು ನಿಮ್ಮ ಸರ್ವರೇ ಅಲ್ಲದಿರಲೂಬಹುದು.

ಅಕ್ಷರಗಳು ಕೆಟ್ಟುಹೋಗುವ ಸಾಧ್ಯತೆಯೂ ಇದೆ, ಅಪರೂಪವಾದರೂ. ಎಂಐಟಿಯ ಸಾಲ್ಟ್‌ಜರ್, ರೀಡ್ ಮತ್ತು ಕ್ಲಾರ್ಕ್ 1984ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತಮ್ಮಲ್ಲೇ ನಡೆದ ಒಂದು ಪ್ರಕರಣ ಬರುತ್ತದೆ. ಜಾಲದ ಪ್ರತಿ ಕೊಂಡಿಯಲ್ಲೂ ತಪಾಸಣೆ ಇತ್ತು, ಹಾಗಾಗಿ ಎಲ್ಲರೂ ನಿಶ್ಚಿಂತರಾಗಿದ್ದರು. ಆದರೆ ನಡುವಿನ ಒಂದು ಗೇಟ್‌ವೇ ಕಂಪ್ಯೂಟರ್ ತನ್ನ ಒಂದು ಬಫರ್‌ನಿಂದ ಇನ್ನೊಂದಕ್ಕೆ ನಕಲು ಮಾಡುವಾಗ, ಸುಮಾರು ಹತ್ತು ಲಕ್ಷ ಬೈಟ್‌ಗಳಿಗೊಮ್ಮೆ, ಅಕ್ಕಪಕ್ಕದ ಎರಡು ಬೈಟ್‌ಗಳನ್ನು ಅದಲುಬದಲು ಮಾಡುತ್ತಿತ್ತು. ಕೊಂಡಿಗಳ ತಪಾಸಣೆಗೆ ಅದು ಸಿಗಲಿಲ್ಲ. ತಪ್ಪು ಆಗುತ್ತಿದ್ದದ್ದು ಕೊಂಡಿಗಳ ನಡುವೆ. ಕೊನೆಗೆ ಹಳೆಯ ಮುದ್ರಿತ ಪ್ರತಿಗಳೊಂದಿಗೆ ಕಣ್ಣಿನಿಂದ ಹೋಲಿಸಿ ಕಡತಗಳನ್ನು ಸರಿಪಡಿಸಬೇಕಾಯಿತು. ಕೆಳಗಿನ ಹಂತಗಳು ಎಷ್ಟೇ ಎಚ್ಚರ ವಹಿಸಿದರೂ ಕೆಲಸ ಸರಿಯಾಗಿ ಮುಗಿಯಿತೆಂಬ ತಪಾಸಣೆ ಕೊನೆಯ ಎರಡು ತುದಿಗಳ ನಡುವೆಯೇ ನಡೆಯಬೇಕು, ಕೆಳಗಿನ ಹಂತದ ಖಾತರಿಗಳು ವೇಗಕ್ಕೆ ಸಹಾಯವೇ ಹೊರತು ಬದಲಿ ವ್ಯವಸ್ಥೆಯಲ್ಲ ಎಂಬುದು ಅವರ ವಾದ. ನಿಮ್ಮ ಪ್ರಶ್ನೆಗೆ ನಾನು ಕೊಡಬಹುದಾದ ಉತ್ತರವೂ ಇದನ್ನೇ ಆಧರಿಸಿದೆ. ದಾಖಲೆ ಡೇಟಾಬೇಸ್‌ನಲ್ಲಿ ಕಮಿಟ್ ಆದ ನಂತರ ನಿಮ್ಮ ಸರ್ವರ್ ಪ್ರೋಗ್ರಾಮೇ ‘ಇಂಥ ದಾಖಲೆ ಸೇರಿತು’ ಎಂದು ಉತ್ತರಿಸಬೇಕು, ಆ ಉತ್ತರ ಕೈಸೇರುವವರೆಗೆ ಸಂಘದ ಕಂಪ್ಯೂಟರ್ ಆ ದಾಖಲೆಯನ್ನು ಅಳಿಸಬಾರದು.

ಇಷ್ಟು ಮಾಡಿದರೆ ನಷ್ಟ ನಿಲ್ಲುತ್ತದೆ. ಎರಡಾಗುವುದು ನಿಲ್ಲುವುದಿಲ್ಲ, ಬಹುಶಃ ಹೆಚ್ಚುತ್ತದೆ. ಉತ್ತರ ಬಾರದಿದ್ದಾಗ ಸಂಘದ ಕಂಪ್ಯೂಟರ್‌ಗೆ ಎರಡು ಸಾಧ್ಯತೆಗಳು ಕಾಣುತ್ತವೆ: ದಾಖಲೆಯೇ ತಲುಪಲಿಲ್ಲ, ಅಥವಾ ತಲುಪಿ ಸೇರಿದೆ, ಉತ್ತರ ಮಾತ್ರ ದಾರಿಯಲ್ಲಿ ಕಳೆಯಿತು. ಇವೆರಡನ್ನೂ ಈ ತುದಿಯಲ್ಲಿ ಕುಳಿತು ಬೇರೆ ಬೇರೆಯಾಗಿ ಗುರುತಿಸುವ ಉಪಾಯವೇ ಇಲ್ಲ. ಉತ್ತರಕ್ಕೆ ಮರು-ಉತ್ತರ ಕೇಳಿದರೆ ಕೊನೆಯ ಉತ್ತರದ ಬಗ್ಗೆ ಅದೇ ಸಂದೇಹ ಉಳಿಯುತ್ತದೆ. ನಂಬಲಾಗದ ದಾರಿಯಲ್ಲಿ ಎಷ್ಟು ಸಂದೇಶ ಹೋಗಿಬಂದರೂ ಇಬ್ಬರಿಗೂ ಪೂರ್ಣ ಖಚಿತತೆ ಸಿಗದೆಂಬುದನ್ನು 1975ರಷ್ಟು ಹಿಂದೆಯೇ ತೋರಿಸಲಾಗಿದೆ. 1978ರಲ್ಲಿ ಡೇಟಾಬೇಸ್ ತಜ್ಞ ಜಿಮ್ ಗ್ರೇ ಅದಕ್ಕೆ ಇಬ್ಬರು ಸೇನಾಪತಿಗಳ ವಿರೋಧಾಭಾಸ ಎಂಬ ಹೆಸರು ಕೊಟ್ಟರು. ಆದ್ದರಿಂದ ‘ಸರಿಯಾಗಿ ಒಮ್ಮೆ ಮಾತ್ರ ತಲುಪಿಸುತ್ತೇವೆ’ ಎಂದು ಯಾರಾದರೂ ಮಾರಲು ಬಂದರೆ, ಯಾವ ತುದಿಯಿಂದ ಯಾವ ತುದಿಗೆ ಎಂದು ಕೇಳಿ.

ಇಮೇಲ್ ಈ ಕಷ್ಟವನ್ನು ಬಹಳ ಹಿಂದೆಯೇ ಅನುಭವಿಸಿದೆ. ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಾವಳಿಯಲ್ಲಿ, ಪತ್ರ ಮುಗಿಯಿತೆಂದು ಸೂಚಿಸುವ ಕೊನೆಯ ಚುಕ್ಕೆಯ ನಂತರ ಸ್ವೀಕರಿಸುವ ಸರ್ವರ್ 250 ಎಂಬ ಉತ್ತರ ಕೊಟ್ಟರೆ, ಅಲ್ಲಿಂದ ಮುಂದೆ ಪತ್ರದ ಹೊಣೆ ಅದರದು. ಸರ್ವರ್ ಪತ್ರವನ್ನು ಸ್ವೀಕರಿಸಿದ ಮೇಲೂ ಉತ್ತರಿಸಲು ತಡಮಾಡಿದರೆ ಕಳುಹಿಸಿದವನು ಕಾದು ಬೇಸತ್ತು ಮತ್ತೆ ಕಳುಹಿಸುತ್ತಾನೆ, ಒಂದೇ ಪತ್ರ ಎರಡಾಗುತ್ತದೆ ಎಂದು 1988ರ ಆರ್‌ಎಫ್‌ಸಿ 1047ರಲ್ಲಿ ಕ್ರೇಗ್ ಪಾರ್ಟ್ರಿಜ್ ಎಚ್ಚರಿಸಿದ್ದರು. ಇಂದಿನ ನಿಯಮದಲ್ಲೂ ಆ ಕೊನೆಯ ಉತ್ತರಕ್ಕಾಗಿ ಹತ್ತು ನಿಮಿಷದವರೆಗೆ ಕಾಯಬೇಕೆಂಬ ಸಲಹೆಯಿದೆ. ನಷ್ಟಕ್ಕಿಂತ ನಕಲು ಮೇಲು ಎಂದು ಇಮೇಲ್‌ನವರು ಆರಿಸಿಕೊಂಡರು, ಏಕೆಂದರೆ ಎರಡು ಬಂದ ಪತ್ರವನ್ನು ಓದುವವರು ತಾವೇ ಗುರುತಿಸಬಲ್ಲರು. ಹಾಲಿನ ಲೆಕ್ಕಕ್ಕೆ ಆ ಸೌಕರ್ಯವಿಲ್ಲ. ಆದ್ದರಿಂದ ಗುರುತಿಸುವ ಕೆಲಸವನ್ನು ಸರ್ವರ್‌ಗೆ ಕಲಿಸಬೇಕು.

ಅದಕ್ಕೆ ಪ್ರತಿ ದಾಖಲೆಗೂ ಬೇರೆಲ್ಲೂ ಬಾರದ ಒಂದು ಗುರುತಿನ ಸಂಖ್ಯೆ ಬೇಕು, ಮತ್ತು ಅದು ಹುಟ್ಟಬೇಕಾದದ್ದು ಹಾಲು ತೂಗಿದ ಕ್ಷಣದಲ್ಲಿ. ಇತರರು ಬರೆದ ಇಂಥ ತಂತ್ರಾಂಶಗಳನ್ನು ಪರಿಶೀಲಿಸುವಾಗ ನಾನು ಮೊದಲು ನೋಡುವುದು ಇದನ್ನೇ. ಕಳುಹಿಸುವ ಭಾಗದಲ್ಲಿ ಸಂಖ್ಯೆ ಸೃಷ್ಟಿಸಿದರೆ ಪ್ರತಿ ಮರುಪ್ರಯತ್ನಕ್ಕೂ ಹೊಸ ಸಂಖ್ಯೆ ಸಿಕ್ಕಿ ಇಡೀ ಏರ್ಪಾಡು ವ್ಯರ್ಥವಾಗುತ್ತದೆ. ದಿನಾಂಕ ಮತ್ತು ಸಮಯವನ್ನೇ ಗುರುತಾಗಿ ಬಳಸಬೇಡಿ. ಅಗ್ಗದ ಯಂತ್ರಗಳಲ್ಲಿ ಗಡಿಯಾರದ ಬ್ಯಾಟರಿ ಸತ್ತರೆ ಕರೆಂಟ್ ಬಂದಾಗಲೆಲ್ಲ ಒಂದೇ ಹಳೆಯ ದಿನಾಂಕದಿಂದ ಆರಂಭವಾಗುತ್ತದೆ. ಸಂಘದ ಸಂಕೇತ, ಯಂತ್ರದ ಸಂಖ್ಯೆ, ಏರುತ್ತಾ ಹೋಗುವ ಕ್ರಮಸಂಖ್ಯೆ, ಈ ಮೂರನ್ನು ಸೇರಿಸುವುದು ಒಳ್ಳೆಯದು, ಆದರೆ ಅದರಲ್ಲೂ ಒಂದು ಅಪಾಯವಿದೆ. ಮೆಮೊರಿ ಕಾರ್ಡ್ ಕೆಟ್ಟು ಹೊಸದು ಹಾಕಿದಾಗ ಕ್ರಮಸಂಖ್ಯೆ ಮತ್ತೆ ಒಂದರಿಂದ ಶುರುವಾದರೆ, ಸರ್ವರ್ ಹೊಸ ದಾಖಲೆಗಳನ್ನೆಲ್ಲ ಹಳೆಯವುಗಳ ನಕಲು ಎಂದು ತಿಳಿದು ಬಿಟ್ಟುಬಿಡುತ್ತದೆ, ಮತ್ತು ‘ಸೇರಿದೆ’ ಎಂದು ಉತ್ತರವನ್ನೂ ಕೊಡುತ್ತದೆ. ಇದು ನೀವು ಈಗ ಕಾಣುತ್ತಿರುವ ನಷ್ಟಕ್ಕಿಂತ ಕೆಟ್ಟದ್ದು. ಆದ್ದರಿಂದ ತಂತ್ರಾಂಶವನ್ನು ಹೊಸದಾಗಿ ಸ್ಥಾಪಿಸಿದಾಗಲೆಲ್ಲ ಒಂದು ಯಾದೃಚ್ಛಿಕ ಸಂಖ್ಯೆ ಹುಟ್ಟಿ ಗುರುತಿನ ಭಾಗವಾಗಲಿ. ಅದೇ ಗುರುತಿನ ದಾಖಲೆ ಬೇರೆ ಲೀಟರ್ ಅಥವಾ ಬೇರೆ ಫ್ಯಾಟ್‌ನೊಂದಿಗೆ ಬಂದರೆ ಸರ್ವರ್ ಸುಮ್ಮನಿರದೆ ತಕರಾರು ಎತ್ತಲಿ.

ಸರ್ವರ್‌ನಲ್ಲಿ ಆ ಗುರುತಿನ ಮೇಲೆ ಡೇಟಾಬೇಸ್‌ನದೇ ಯೂನಿಕ್ ನಿರ್ಬಂಧ (ಒಂದೇ ಗುರುತು ಎರಡು ಸಲ ಸೇರದಂತೆ ತಡೆ) ಹಾಕಿ. ‘ಮೊದಲು ಇದೆಯೇ ನೋಡು, ಇಲ್ಲದಿದ್ದರೆ ಸೇರಿಸು’ ಎಂದು ಪ್ರೋಗ್ರಾಂನಲ್ಲಿ ಎರಡು ಹೆಜ್ಜೆಯಾಗಿ ಬರೆದರೆ, ಒಂದೇ ದಾಖಲೆಯ ಎರಡು ಪ್ರತಿಗಳು ಒಟ್ಟಿಗೆ ಬಂದಾಗ ಎರಡೂ ಒಳಗೆ ನುಸುಳುತ್ತವೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ 9.5ನೇ ಆವೃತ್ತಿಯಿಂದ ಈಚೆಗೆ, ಗುರುತು ಈಗಾಗಲೇ ಇದ್ದರೆ ಏನೂ ಮಾಡದೆ ಮುಂದುವರಿಯುವಂತೆ ಒಂದೇ ಆದೇಶದಲ್ಲಿ ಹೇಳಬಹುದು. ಮೊದಲ ಸಲ ಬಂದದ್ದಕ್ಕೂ ನಕಲಿಗೂ ಒಂದೇ ಉತ್ತರ ಹೋಗಲಿ. ಸಂಘದ ಕಂಪ್ಯೂಟರ್‌ಗೆ ಬೇಕಾದದ್ದು ದಾಖಲೆ ಈಗ ಅಲ್ಲಿದೆಯೇ ಎಂಬುದಷ್ಟೇ. ಕಮಿಟ್ ಆದ ದತ್ತಾಂಶ ಡಿಸ್ಕ್‌ಗೆ ಇಳಿದ ಮೇಲೆಯೇ ಉತ್ತರ ಹೋಗುತ್ತಿದೆಯೇ ಎಂದೂ ನೋಡಿಕೊಳ್ಳಿ; ವೇಗಕ್ಕಾಗಿ ಯಾರಾದರೂ ಆ ಹೊಂದಿಕೆಯನ್ನು ಸಡಿಲಿಸಿರಬಹುದು. ಸಂಘದ ಕಡೆ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಸಾಕು. ಅದನ್ನು ವಾಲ್ ವಿಧಾನದಲ್ಲಿ (ಬದಲಾವಣೆಯನ್ನು ಮೊದಲು ಬೇರೆ ಕಡತಕ್ಕೆ ಬರೆಯುವ ಕ್ರಮ) ಬಳಸುವುದಾದರೆ ಸಿಂಕ್ರೊನಸ್ ಹೊಂದಿಕೆಯನ್ನು ‘ಫುಲ್’ ಆಗಿಯೇ ಇಡಿ, ‘ನಾರ್ಮಲ್’ ಇದ್ದರೆ ಕರೆಂಟ್ ಹೋದಾಗ ಕೊನೆಯ ಕೆಲವು ದಾಖಲೆಗಳು ಅಳಿಯಬಹುದು.

ಇನ್ನು ನಿಮ್ಮ ಸ್ನೇಹಿತರ ಸಲಹೆ. ಎಂಕ್ಯೂಟಿಟಿ ಒಳ್ಳೆಯ ವ್ಯವಸ್ಥೆ. 1999ರಲ್ಲಿ ಉಪಗ್ರಹ ಸಂಪರ್ಕದ ತೈಲ ಕೊಳವೆಮಾರ್ಗಗಳ ಮೇಲೆ ನಿಗಾ ಇಡಲು ಹುಟ್ಟಿದ್ದರಿಂದ ದುರ್ಬಲ ಸಂಪರ್ಕಕ್ಕೆ ಚೆನ್ನಾಗಿ ಹೊಂದುತ್ತದೆ. ಕ್ಯೂಒಎಸ್ 2ರಲ್ಲಿ ನಾಲ್ಕು ಸಂದೇಶಗಳು ಹೋಗಿಬಂದು ನಕಲನ್ನು ತಡೆಯುವುದೂ ನಿಜ. ಆದರೆ ಆ ಖಾತರಿ ಇರುವುದು ಸಂಘದ ಕಂಪ್ಯೂಟರ್ ಮತ್ತು ಬ್ರೋಕರ್ (ಸಂದೇಶ ಪಡೆದು ಹಂಚುವ ಮಧ್ಯವರ್ತಿ ಸರ್ವರ್) ನಡುವೆ. ಬ್ರೋಕರ್‌ನಿಂದ ನಿಮ್ಮ ಪ್ರೋಗ್ರಾಂಗೆ ಬೇರೆಯದೇ ಇನ್ನೊಂದು ಮಾತುಕತೆ ನಡೆಯುತ್ತದೆ, ಪ್ರೋಗ್ರಾಂನಿಂದ ಡೇಟಾಬೇಸ್‌ಗೆ ಯಾವ ಕ್ಯೂಒಎಸ್ಸೂ ಇಲ್ಲ. ನಿಮ್ಮ ಸಂದೇಶಗಳನ್ನು ಪಡೆಯಲು ಯಾರೂ ಚಂದಾದಾರರಾಗಿರದಿದ್ದರೂ ಬ್ರೋಕರ್ ನಿಮಗೆ ಸ್ವೀಕೃತಿ ಕೊಡಬಹುದು. ಈಗಾಗಲೇ ಬ್ರೋಕರ್ ನಡೆಸುತ್ತಿದ್ದರೆ ಕ್ಯೂಒಎಸ್ 1 (ಕನಿಷ್ಠ ಒಮ್ಮೆ ತಲುಪಿಸುವ ಮಟ್ಟ) ಬಳಸಿ, ಮೇಲೆ ಹೇಳಿದ ಗುರುತು ಮತ್ತು ಉತ್ತರವನ್ನು ಅದರ ಮೇಲೆ ಕಟ್ಟಿಕೊಳ್ಳಿ. ಇಲ್ಲವಾದರೆ ನಿಮ್ಮ ಪ್ರಮಾಣದ ಕೆಲಸಕ್ಕೆ ನಾನು ವೆಬ್ ಪುಟಗಳಿಗೆ ಬಳಸುವ ಸರಳವಾದ ಎಚ್‌ಟಿಟಿಪಿಎಸ್ ಅನ್ನೇ ಆರಿಸುತ್ತೇನೆ: ದಾಖಲೆಯ ಗುರುತನ್ನು ವೆಬ್ ವಿಳಾಸದಲ್ಲೇ ಇಟ್ಟು ಅದರ ಪುಟ್ (PUT) ವಿಧಾನದಲ್ಲಿ ಕಳುಹಿಸಿ. ಎಷ್ಟು ಸಲ ಮಾಡಿದರೂ ಫಲ ಒಂದೇ ಎಂಬುದು ಪುಟ್‌ಗೆ ಮಾನಕವೇ ವಿಧಿಸಿರುವ ಗುಣ, ಇನ್ನೊಂದು ವಿಧಾನವಾದ ಪೋಸ್ಟ್‌ಗೆ (POST) ಅದಿಲ್ಲ. ಕಾಫ್ಕಾ, ರ‍್ಯಾಬಿಟ್ ಎಂಕ್ಯೂನಂಥ ದೊಡ್ಡ ಸಂದೇಶ ವ್ಯವಸ್ಥೆಗಳ ಮಾತು ಈಗ ಬೇಡ, ಅವುಗಳನ್ನು ನೋಡಿಕೊಳ್ಳಲು ಒಬ್ಬರು ಬೇಕಾಗುತ್ತಾರೆ.

ಹಣದ ವ್ಯವಹಾರವೇ ಹೀಗೆ ನಡೆಯುತ್ತಿದೆ ಎಂಬುದನ್ನು ನೆನೆದರೆ ನಿಮಗೆ ಧೈರ್ಯ ಬಂದೀತು. ಯುಪಿಐಯಲ್ಲಿ ಖಾತೆಯಿಂದ ಹಣ ಹೋಗಿ ಎದುರಿನವರಿಗೆ ಸೇರದೆ ಉಳಿಯುವುದನ್ನು ಎಲ್ಲರೂ ನೋಡಿದ್ದೇವೆ. ಹಾಗೆ ಆಗುವುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ ಹೇಳಲಿಲ್ಲ; ವ್ಯಕ್ತಿಯಿಂದ ವ್ಯಕ್ತಿಗೆ ಕಳುಹಿಸಿದ ಹಣ ಸೇರದಿದ್ದರೆ ಮರುದಿನದೊಳಗೆ ತಾನಾಗಿ ವಾಪಸಾಗಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು 2019ರ ಸೆಪ್ಟೆಂಬರ್‌ನಲ್ಲಿ ಗಡುವು ಗೊತ್ತುಮಾಡಿತು. ಸಂದೇಹದ ಸ್ಥಿತಿ ಇರುತ್ತದೆಂದು ಒಪ್ಪಿಕೊಂಡು, ಅದನ್ನು ಎಷ್ಟು ಹೊತ್ತಿನಲ್ಲಿ ಬಗೆಹರಿಸಬೇಕೆಂದು ನಿರ್ಧರಿಸುವ ಕ್ರಮ ಇದು.

ನಿಮ್ಮಲ್ಲಿ ಆ ಕೆಲಸಕ್ಕೆ ಸರದಿ ಮುಗಿದಾಗಿನ ತಾಳೆ ಸಾಕು. ಕ್ರಮಸಂಖ್ಯೆಗಳಲ್ಲಿ ನಡುವೆ ಬಿಟ್ಟುಹೋದದ್ದನ್ನು ಸರ್ವರ್ ತಾನೇ ಕಂಡುಹಿಡಿಯಬಲ್ಲದು, ಆದರೆ ಕೊನೆಯ ದಾಖಲೆಗಳೇ ಬಾರದಿದ್ದರೆ ಅಲ್ಲಿ ಖಾಲಿ ಜಾಗವೇ ಕಾಣುವುದಿಲ್ಲ. ಹಾಗಾಗಿ ಪ್ರತಿ ಸರದಿಯ ಕೊನೆಗೆ ಒಟ್ಟು ದಾಖಲೆಗಳು, ಒಟ್ಟು ಲೀಟರ್ ಮತ್ತು ಕೊನೆಯ ಕ್ರಮಸಂಖ್ಯೆಯನ್ನು ಒಂದು ಮುಕ್ತಾಯದ ದಾಖಲೆಯಾಗಿ ಕಳುಹಿಸಿ. ಇಲ್ಲದ ಸಂಖ್ಯೆಗಳ ಪಟ್ಟಿಯನ್ನು ಸರ್ವರ್ ಹಿಂದಿರುಗಿಸಲಿ. ನಿಗದಿತ ಹೊತ್ತಿನೊಳಗೆ ಮುಕ್ತಾಯದ ದಾಖಲೆಯೇ ಬಾರದ ಸಂಘಗಳ ಹೆಸರು ನಿಮ್ಮ ಮೊಬೈಲ್‌ಗೆ ಬರಲಿ.

ಮರುಪ್ರಯತ್ನದ ನಡುವಿನ ಬಿಡುವನ್ನು ಪ್ರತಿ ಸಲ ದುಪ್ಪಟ್ಟು ಮಾಡುತ್ತ ಹೋಗಿ, ಅದಕ್ಕೆ ಒಂದಿಷ್ಟು ಯಾದೃಚ್ಛಿಕ ವ್ಯತ್ಯಾಸ ಸೇರಿಸಿ, ಒಂದು ಮಿತಿಯಲ್ಲಿ ನಿಲ್ಲಿಸಿ. ತಾಲ್ಲೂಕಿಗೆಲ್ಲ ಒಟ್ಟಿಗೆ ಕರೆಂಟ್ ಬಂದಾಗ ಎಲ್ಲ ಯಂತ್ರಗಳೂ ಒಂದೇ ಸೆಕೆಂಡಿಗೆ ಸರ್ವರ್ ಮೇಲೆ ಬೀಳಬಾರದು. 1986ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಸುಮಾರು 400 ಗಜ ದೂರದ ವಿಶ್ವವಿದ್ಯಾಲಯದ ನಡುವೆ ದತ್ತಾಂಶದ ವೇಗ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿದಿತ್ತು. ದಟ್ಟಣೆಯಲ್ಲಿ ಸಿಕ್ಕ ಪ್ಯಾಕೆಟ್‌ಗಳನ್ನು ಎಲ್ಲರೂ ಅವಸರದಿಂದ ಮತ್ತೆ ಮತ್ತೆ ಕಳುಹಿಸಿದ್ದು ಅದನ್ನು ಉಲ್ಬಣಗೊಳಿಸಿತು. ಜಾಲ ತಜ್ಞ ವ್ಯಾನ್ ಜೇಕಬ್ಸನ್ 1988ರಲ್ಲಿ ವಿವರಿಸಿದ ಪರಿಹಾರಗಳಲ್ಲಿ ಈ ಬಿಡುವಿನ ಲೆಕ್ಕಾಚಾರವೂ ಸೇರಿದೆ.

ಹಳ್ಳಿಗೆ ಕೊಂಡೊಯ್ಯುವ ಮೊದಲು ಮೇಜಿನ ಮೇಲೆಯೇ ಕೆಡಿಸಿ ನೋಡಿ. ದಾಖಲೆ ಬರೆದ ತಕ್ಷಣ ಸಂಘದ ಯಂತ್ರದ ಪ್ಲಗ್ ಕೀಳಿ. ಸರ್ವರ್ ಓದಿದ ಮೇಲೆ ಕಮಿಟ್‌ಗೆ ಮೊದಲು ಪ್ರೋಗ್ರಾಂ ಕೊಲ್ಲಿ. ಬಹಳ ಮುಖ್ಯವಾಗಿ, ಕಮಿಟ್ ಆದ ಮೇಲೆ ಉತ್ತರ ಹೊರಡುವ ಮೊದಲು ಕೊಲ್ಲಿ; ನಕಲು ಹುಟ್ಟುವ ಜಾಗ ಅದು. ಲಿನಕ್ಸ್‌ನ ನೆಟ್‌ಎಮ್ ಸೌಲಭ್ಯದಿಂದ ಪ್ಯಾಕೆಟ್ ನಷ್ಟ ಮತ್ತು ವಿಳಂಬವನ್ನು ಬೇಕಾದಷ್ಟು ಸೃಷ್ಟಿಸಬಹುದು. ಸಿಮ್ ತೆಗೆದಿಟ್ಟು ಹತ್ತು ದಾಖಲೆ ಹಾಕಿ, ಒಂದು ದಿನ ಬಿಟ್ಟು ಸಿಮ್ ಹಾಕಿದರೆ ಹತ್ತೂ ಒಂದೊಂದೇ ಸಲ ಸೇರಬೇಕು.

ಪರದೆಯ ವಿಷಯಕ್ಕೆ ಬಂದರೆ, ‘ಕಳುಹಿಸಲಾಗಿದೆ’ ಎಂಬುದನ್ನು ತೆಗೆದುಬಿಡಿ. ಅದರಿಂದ ಕಾರ್ಯದರ್ಶಿಗೆ ಉಪಯೋಗವಿಲ್ಲ. ‘ಇಲ್ಲಿ ಉಳಿಸಲಾಗಿದೆ’ ಮತ್ತು ‘ಸರ್ವರ್‌ಗೆ ಸೇರಿದೆ’ ಎಂಬ ಎರಡೇ ಸ್ಥಿತಿ ಸಾಕು, ಜೊತೆಗೆ ಇನ್ನೂ ಸೇರದ ದಾಖಲೆಗಳ ಸಂಖ್ಯೆ. ಹಾಲು ಹಾಕಿದವರಿಗೆ ಚೀಟಿಯನ್ನು ಮೊದಲ ಸ್ಥಿತಿಯಲ್ಲೇ ಕೊಡಬಹುದು, ದಾಖಲೆ ಡಿಸ್ಕ್‌ಗೆ ಇಳಿದಿದ್ದರೆ. ಅವರನ್ನು ಸಿಗ್ನಲ್‌ಗಾಗಿ ಸಾಲಿನಲ್ಲಿ ಕಾಯಿಸಬೇಡಿ. ಚೀಟಿಯಲ್ಲಿ ಕ್ರಮಸಂಖ್ಯೆ ಅಚ್ಚಾಗಲಿ, ಮುಂದೆ ತಕರಾರು ಬಂದರೆ ಅದೇ ಆಧಾರ. ಈಗಾಗಲೇ ಎರಡಾಗಿರುವ ದಾಖಲೆಗಳನ್ನು ಲೀಟರ್ ಮತ್ತು ಫ್ಯಾಟ್ ಒಂದೇ ಇದೆಯೆಂಬ ಕಾರಣಕ್ಕೆ ತಂತ್ರಾಂಶದಿಂದ ಅಳಿಸಬೇಡಿ. ಒಂದೇ ಮನೆಯವರು ಎರಡು ಸಲ ಹಾಲು ತಂದು ಸುರಿಯುವುದುಂಟು. ಅಂಥವನ್ನು ಗುರುತು ಮಾಡಿ ಬಟವಾಡೆಯಿಂದ ತಡೆಹಿಡಿದು, ಸಂಘದ ಪುಸ್ತಕ ಮತ್ತು ಚೀಟಿಗಳೊಂದಿಗೆ ಕಾರ್ಯದರ್ಶಿಯವರಿಂದಲೇ ತಾಳೆ ಮಾಡಿಸಿ.